ಯಜಮಾನ ಇದ್ದಾನೆ, ರೈತ ಇದ್ದಾನೆ, ನಡುವಿನವರು ಎಲ್ಲಿ?

‘ಸಪ್ತ ಸಾಗರದಾಚೆ ಎಲ್ಲೋ’ ನೋಡಿದವರಿಗೆ ಪ್ರಭು ನೆನಪಿರಬೇಕು. 2023ರ ಸೆಪ್ಟೆಂಬರ್‌ನಲ್ಲಿ ಬಂದ ಹೇಮಂತ್ ಎಂ. ರಾವ್ ನಿರ್ದೇಶನದ ಆ ಚಿತ್ರವನ್ನು ಜನ ಪ್ರೇಮಕಥೆ ಎಂದೇ ನೋಡಿದರು, ಮನು–ಪ್ರಿಯಾ ಜೋಡಿಗಾಗಿ ಕಣ್ಣೊರೆಸಿಕೊಂಡರು. ಆದರೆ ಆ ಕಥೆಯನ್ನು ಮುಂದಕ್ಕೆ ನೂಕುವುದು ಪ್ರೇಮವಲ್ಲ, ಒಂದು ವ್ಯವಹಾರ. ಮನು ದೊಡ್ಡ ಉದ್ಯಮಿಯೊಬ್ಬರ ಕಾರು ಡ್ರೈವರ್. ಯಜಮಾನರ ಮಗನ ಕೈಯಲ್ಲಾದ ಅಪಘಾತವನ್ನು ದುಡ್ಡಿಗಾಗಿ ತನ್ನ ತಲೆಗೆ ಕಟ್ಟಿಕೊಂಡು ಜೈಲಿಗೆ ಹೋಗುತ್ತಾನೆ. ಬೇಗ ಬಿಡಿಸಿಕೊಂಡು ಬರುತ್ತೇವೆ ಎಂದವರು ಮಾತು ಉಳಿಸಿಕೊಳ್ಳುವುದಿಲ್ಲ. ಯಜಮಾನ ಶಂಕರ್ ಗೌಡರಿಗೂ ಡ್ರೈವರ್ ಮನುವಿಗೂ ನಡುವೆ ನಿಂತು ಈ ವ್ಯವಹಾರ ಕುದುರಿಸುವವನೇ ಪ್ರಭು. ಕೂಗಾಡಿ ಹೆದರಿಸುವ ಪೈಕಿಯಲ್ಲ. ಎದುರಿನವನ ಕಷ್ಟ ತನಗೂ ಗೊತ್ತಿದೆ ಎನ್ನುವ ಮುಖ, ತಗ್ಗಿದ ದನಿ, ಅರ್ಧಕ್ಕೆ ನಿಲ್ಲಿಸಿ ಮಿಕ್ಕಿದ್ದನ್ನು ನೀನೇ ಅರ್ಥ ಮಾಡಿಕೋ ಎನ್ನುವ ಮಾತು.

ಆ ಪಾತ್ರ ಮಾಡಿದವರು ಅಚ್ಯುತ್ ಕುಮಾರ್. ತಿಪಟೂರಿನವರು.

ನಟನೆ ಕಲಿತದ್ದು ಹೆಗ್ಗೋಡಿನ ನೀನಾಸಂನಲ್ಲಿ, ಆದ್ದರಿಂದ ಪ್ರಭುವಿನ ಆ ಹದವನ್ನು ತಮ್ಮೂರಿನ ಕೊಬ್ಬರಿ ಮಂಡಿಯಿಂದ ಎತ್ತಿಕೊಂಡು ಬಂದರು ಎಂದು ನಾನು ಹೇಳುವುದಿಲ್ಲ. ಹಾಗಿದ್ದರೂ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಒಮ್ಮೆಯಾದರೂ ಕೊಬ್ಬರಿ ಮಾರಲು ಹೋದವರಿಗೆ ಈ ದನಿ ಹೊಸದಲ್ಲ. ಅವರ ಬೇರೆ ಪಾತ್ರಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ. ‘ಲೂಸಿಯಾ’ದಲ್ಲಿ (2013) ಒಂದು ಬದುಕಿನಲ್ಲಿ ಟಾಕೀಸಿನ ಮಾಲೀಕ ಶಂಕರಣ್ಣ, ಇನ್ನೊಂದು ಬದುಕಿನಲ್ಲಿ ಸ್ಟಾರ್ ನಟನ ವ್ಯವಹಾರ ನೋಡಿಕೊಳ್ಳುವವ. ‘ಕೆಜಿಎಫ್’ನಲ್ಲಿ ಗಣಿಯ ಪಾಲುದಾರರ ನಡುವೆ ಕೂತ ರಾಜಕಾರಣಿ ಗುರುಪಾಂಡ್ಯನ್. ‘ಕಾಂತಾರ’ದಲ್ಲಿ ನಗುನಗುತ್ತಲೇ ಜನರ ನೆಲದ ಮೇಲೆ ಕಣ್ಣಿಟ್ಟ ಧಣಿ. ದುಡ್ಡು ಮೇಲಿನಿಂದ ಕೆಳಗೆ, ಜಮೀನು ಕೆಳಗಿನಿಂದ ಮೇಲಕ್ಕೆ ಹೋಗುವ ದಾರಿಯಲ್ಲಿ ಯಾರಾದರೂ ನಿಂತಿರಲೇಬೇಕಲ್ಲ. ಕನ್ನಡ ಸಿನಿಮಾ ಆ ಜಾಗಕ್ಕೆ ಮತ್ತೆ ಮತ್ತೆ ತಿಪಟೂರಿನ ಈ ನಟನನ್ನು ಕರೆದಿದೆ. ಒಬ್ಬ ಒಳ್ಳೆಯ ನಟನಿಂದ ಆ ಜಾಗ ತುಂಬಿತು ನಿಜ. ಆದರೆ ಅದು ಒಬ್ಬರು ನಿಲ್ಲುವ ಜಾಗವಲ್ಲ, ನೂರಾರು ಜನರ ಜಾಗ. ಅವರೆಲ್ಲ ನಮ್ಮ ತೆರೆಯ ಮೇಲೆ ಯಾಕೆ ಇಲ್ಲ ಎಂಬುದು ನನ್ನ ತಕರಾರು.

ಲಿಫ್ಟಿನೊಳಗೆ ನಿಂತ ಹೆಂಗಸು

ಕಾರ್ಪೊರೇಟ್ ಥ್ರಿಲ್ಲರ್ ಎಂಬ ಹೆಸರು ನಮ್ಮ ಗಾಂಧಿನಗರದ ಪೋಸ್ಟರ್‌ಗಳಲ್ಲಿ ಅಪರೂಪ. ಹಾಲಿವುಡ್‌ನಲ್ಲಿ ಅದೊಂದು ಗಟ್ಟಿ ಪ್ರಕಾರ. ಕೊಲೆ ಬೇಕೆಂದಿಲ್ಲ, ಕಾರು ಚೇಸಿಂಗ್ ಬೇಕೆಂದಿಲ್ಲ. ಒಂದು ಫೈಲು, ಒಂದು ಸಹಿ, ಬೆಳಗಾಗುವುದರೊಳಗೆ ಯಾರನ್ನು ಮುಳುಗಿಸಿ ಯಾರು ತೇಲಬೇಕು ಎಂಬ ಲೆಕ್ಕ. ಅಷ್ಟರಲ್ಲೇ ಪ್ರೇಕ್ಷಕ ಕುರ್ಚಿಯ ತುದಿಗೆ ಬಂದು ಕೂತಿರುತ್ತಾನೆ.

2008ರ ಆರ್ಥಿಕ ಕುಸಿತದ ಹಿನ್ನೆಲೆಯ ‘ಮಾರ್ಜಿನ್ ಕಾಲ್’ (2011) ಈ ಜಾತಿಯ ಅತ್ಯುತ್ತಮ ಚಿತ್ರಗಳಲ್ಲಿ ಒಂದು. ನ್ಯೂಯಾರ್ಕಿನ ಹೂಡಿಕೆ ಬ್ಯಾಂಕೊಂದು ತನ್ನ ಬಳಿ ಇರುವುದೆಲ್ಲ ಕಸ ಎಂದು ರಾತ್ರೋರಾತ್ರಿ ಕಂಡುಕೊಂಡು, ಬೆಳಿಗ್ಗೆ ಅದನ್ನೇ ಗಿರಾಕಿಗಳಿಗೆ ಮಾರಿ ಕೈತೊಳೆದುಕೊಳ್ಳುವ ಕಥೆ. ಅದರಲ್ಲೊಂದು ಪುಟ್ಟ ದೃಶ್ಯ. ಕಂಪನಿಯ ಇಬ್ಬರು ದೊಡ್ಡ ಅಧಿಕಾರಿಗಳು ಲಿಫ್ಟಿನಲ್ಲಿದ್ದಾರೆ. ಇಬ್ಬರ ನಡುವೆ ಕಸಗುಡಿಸುವ ಹೆಂಗಸು, ಅವಳ ಮುಂದೆ ಸಾಮಾನಿನ ತಳ್ಳುಗಾಡಿ. ಅಧಿಕಾರಿಗಳು ಅವಳ ತಲೆಯ ಮೇಲಿಂದಲೇ ಗುಟ್ಟಿನ ಮಾತಾಡುತ್ತಾರೆ. ಅವಳು ಅಲ್ಲಿ ಇದ್ದಾಳೆ ಎಂಬುದು ಅವರಿಗೆ ಲೆಕ್ಕಕ್ಕೇ ಇಲ್ಲ. ನಿರ್ದೇಶಕ ಜೆ.ಸಿ. ಚಾಂಡರ್ ಅದರ ಮೇಲೆ ಭಾಷಣ ಮಾಡಿಸಿಲ್ಲ. ಕ್ಯಾಮೆರಾ ಅವಳನ್ನು ನೋಡಿತು, ಅಷ್ಟೆ.

ಆ ಇಬ್ಬರು ಅಧಿಕಾರಿಗಳಲ್ಲಿ ಒಬ್ಬಾಕೆ ಡೆಮಿ ಮೂರ್. ಕಂಪನಿಯ ಮೇಲಿನ ಸಾಲಿನಲ್ಲಿ ಕಾಣುವ ಹೆಣ್ಣು ಅವಳೊಬ್ಬಳೇ. ಬೆಳಗಾಗುವಷ್ಟರಲ್ಲಿ ಆಡಳಿತ ಮಂಡಳಿಗೂ ನೌಕರರಿಗೂ ತೋರಿಸಲು ಒಂದು ತಲೆ ಬೇಕಾದಾಗ ಉರುಳುವುದು ಅವಳದೇ. ಇದಕ್ಕೆ ಐದು ವರ್ಷ ಮೊದಲು ಮಧುರ್ ಭಂಡಾರ್ಕರ್ ಹಿಂದಿಯಲ್ಲಿ ‘ಕಾರ್ಪೊರೇಟ್’ (2006) ಮಾಡಿದ್ದರು. ತಂಪು ಪಾನೀಯದಲ್ಲಿ ಕೀಟನಾಶಕ ಸಿಕ್ಕಿದ ಹಗರಣದ ಕಥೆ. ಅಲ್ಲೂ ಗಂಡಸರು ಮಾಡಿದ ಲೆಕ್ಕಕ್ಕೆ ಕೊನೆಗೆ ಬಲಿಯಾಗುವುದು ಬಿಪಾಶಾ ಬಸು ಮಾಡಿದ ಮಹಿಳಾ ಅಧಿಕಾರಿಯೇ. ‘ಮೈಕೆಲ್ ಕ್ಲೇಟನ್’ (2007) ಇನ್ನೊಂದು ತರಹ. ಕೃಷಿ ರಾಸಾಯನಿಕ ಕಂಪನಿಯೊಂದು ಹಳ್ಳಿಗಾಡಿನ ಕುಟುಂಬಗಳಿಗೆ ವಿಷ ಉಣಿಸಿದ ಪ್ರಕರಣ. ಕಂಪನಿಯ ವಕೀಲೆಯಾದ ಟಿಲ್ಡಾ ಸ್ವಿಂಟನ್ ಕನ್ನಡಿಯ ಮುಂದೆ ನಿಂತು ತನ್ನ ಸುಳ್ಳನ್ನು ಬಾಯಿಪಾಠ ಮಾಡುತ್ತಾಳೆ, ಕಂಕುಳು ಬೆವರುತ್ತದೆ. ಆ ಪಾತ್ರಕ್ಕೆ ಆಸ್ಕರ್ ಬಂತು, ಬರಲೇಬೇಕಿತ್ತು. ಆದರೆ ವಿಷದ ನೀರು ಕುಡಿದ ರೈತ ಕುಟುಂಬಗಳು? ಅವರಿಗೆ ಸಿಕ್ಕಿದ್ದು ಒಂದೆರಡು ದೃಶ್ಯ.

ನೋಡಿ, ಗಾಜಿನ ಕಟ್ಟಡದೊಳಗೆ ಹೆಣ್ಣು ಇದ್ದರೂ ಸಂಖ್ಯೆಗೆ ಇದ್ದಾಳೆ, ಶಿಕ್ಷೆಗೆ ಇದ್ದಾಳೆ. ಕಟ್ಟಡದ ಹೊರಗಿನ ಜನ ಪುರಾವೆಯಾಗಿ ಇದ್ದಾರೆ. ನಮ್ಮಲ್ಲಿ ಹೇಗಿದೆ?

ಕೊಡುವ ಕೈ, ಬಾಗಿಸುವ ಕೈ

ಕನ್ನಡದಲ್ಲಿ ಕಂಪನಿಯ ಕಥೆ ಹುಡುಕಿಕೊಂಡು ಹೋದರೆ ಮೊದಲು ಸಿಗುವ ದೊಡ್ಡ ಹೆಸರು ‘ಕಸ್ತೂರಿ ನಿವಾಸ’ (1971). ಜನ ಅದನ್ನು ತ್ಯಾಗದ ಕಥೆ ಎಂದು ನೆನೆಯುತ್ತಾರೆ, ಪಾರಿವಾಳ ನೆನೆದು ಅಳುತ್ತಾರೆ. ನನಗೆ ಅದು ಬೆಂಕಿಪೊಟ್ಟಣದ ಕಾರ್ಖಾನೆಯ ಕಥೆಯಾಗಿಯೂ ಕಾಣುತ್ತದೆ. ಕೈಕೆಳಗೆ ಕೆಲಸಕ್ಕಿದ್ದವನು ಹೊಸ ಉಪಾಯದಿಂದ ಮಾರುಕಟ್ಟೆ ಗೆಲ್ಲುತ್ತಾನೆ. ಕೊಡುಗೈ ದೊರೆಯಾದ ಯಜಮಾನ ಹಳೆಯ ಮರ್ಯಾದೆಗೆ ಕಟ್ಟುಬಿದ್ದು ಮುಳುಗುತ್ತಾನೆ. ದೊರೈ–ಭಗವಾನ್ ಅದನ್ನು ಕಟ್ಟಿದ ರೀತಿ, ರಾಜಕುಮಾರ್ ನಟಿಸಿದ ರೀತಿ ಇವತ್ತಿಗೂ ಮಾಸಿಲ್ಲ. ಆದರೂ ಇಡೀ ಚಿತ್ರ ಮಾಲೀಕನ ಕಡೆ ನಿಂತು ಮಾಲೀಕನಿಗಾಗಿಯೇ ಅಳುತ್ತದೆ. ಬೆಂಕಿಪೊಟ್ಟಣ ಕಟ್ಟುವ ಕೈಗಳ ಕಥೆ ಅದಲ್ಲ.

ಮುಂದಿನ ಮಜಲು ‘ಅನುರಾಗ ಅರಳಿತು’ (1986). ಎಚ್.ಜಿ. ರಾಧಾದೇವಿ ಅವರ ಕಾದಂಬರಿ ಆಧರಿಸಿ ಎಂ.ಎಸ್. ರಾಜಶೇಖರ್ ನಿರ್ದೇಶಿಸಿದ ಚಿತ್ರ. ಇಲ್ಲಿ ಕಂಪನಿಯ ಮುಖ್ಯಸ್ಥೆಯೇ ಹೆಣ್ಣು, ಮಾಧವಿ. ಆ ಕಾಲಕ್ಕೆ ಇದು ಸಣ್ಣ ಮಾತೇ? ಹೆಂಗಸರಿಗೆ ಬ್ಯಾಂಕಿನಲ್ಲಿ ಗುಮಾಸ್ತೆಯ ಕುರ್ಚಿ ಸಿಗುವುದೇ ಹೆಚ್ಚಾಗಿದ್ದಾಗ ತೆರೆಯ ಮೇಲೆ ಕಂಪನಿಯ ಒಡತಿ ಬಂದಳು. ಬಂದದ್ದು ಮಾತ್ರ ಸೊಕ್ಕು ಇಳಿಸಿಕೊಳ್ಳುವುದಕ್ಕೆ. ಕಾರ್ಮಿಕನಾದ ನಾಯಕ ಅವಳನ್ನು ಬಗ್ಗಿಸುತ್ತಾನೆ, ಚಿತ್ರಮಂದಿರ ಶಿಳ್ಳೆ ಹೊಡೆಯುತ್ತದೆ. ಸೊಕ್ಕಿನ ಹೆಣ್ಣನ್ನು ಪಳಗಿಸುವ ಆಟ ‘ಬಹದ್ದೂರ್ ಗಂಡು’ (1976) ಕಾಲದಿಂದಲೂ ನಮ್ಮಲ್ಲಿ ನಡೆದದ್ದೇ. ‘ಅನುರಾಗ ಅರಳಿತು’ ಅದನ್ನು ಅರಮನೆಯಿಂದ ಆಫೀಸಿಗೆ ತಂದಿತು. ಅಲ್ಲಿಂದ ಅದು ತಮಿಳಿಗೆ ‘ಮನ್ನನ್’, ತೆಲುಗಿಗೆ ‘ಘರಾನಾ ಮೊಗುಡು’, ಹಿಂದಿಗೆ ‘ಲಾಡ್ಲಾ’ ಆಗಿ ಹೋಯಿತು. ಕಂಪನಿ ನಡೆಸುವ ಹೆಣ್ಣಿಗೆ ಪಾಠ ಕಲಿಸಬೇಕು ಎಂಬ ಸೂತ್ರವನ್ನು ಕನ್ನಡದಿಂದ ಭಾರತವೆಲ್ಲ ಎರವಲು ಪಡೆಯಿತು. ಹೆಮ್ಮೆ ಪಡಬೇಕೋ ಬೇಡವೋ ಓದುಗರೇ ತೀರ್ಮಾನಿಸಲಿ. ಮೂಲ ಕೃತಿ ಬರೆದವರು ಹೆಣ್ಣುಮಗಳು ಎಂಬುದೂ ಲೆಕ್ಕದಲ್ಲಿರಲಿ. ಬರೆಯುವವರು ಹೆಣ್ಣಾದ ಮಾತ್ರಕ್ಕೆ ತೆರೆಯ ಮೇಲಿನ ಹೆಣ್ಣಿಗೆ ನ್ಯಾಯ ಸಿಕ್ಕೇಬಿಡುತ್ತದೆ ಎನ್ನುವ ಹಾಗಿಲ್ಲ.

ನನ್ನ ಮಟ್ಟಿಗೆ ಈ ಸಾಲಿನ ಮುಖ್ಯ ಚಿತ್ರ ಇವೆರಡೂ ಅಲ್ಲ, ‘ಬ್ಯಾಂಕರ್ ಮಾರ್ಗಯ್ಯ’ (1983). ಆರ್.ಕೆ. ನಾರಾಯಣ್ ಅವರ ಕಾದಂಬರಿಯಿಂದ ಟಿ.ಎಸ್. ನಾಗಾಭರಣ ಮಾಡಿದ್ದು, ಶೀರ್ಷಿಕೆ ಪಾತ್ರದಲ್ಲಿ ಲೋಕೇಶ್. ಸಹಕಾರಿ ಬ್ಯಾಂಕಿನ ಎದುರು ಮರದ ಕೆಳಗೆ ತಗಡಿನ ಪೆಟ್ಟಿಗೆ ಇಟ್ಟುಕೊಂಡು, ಓದು ಬಾರದ ರೈತರಿಗೆ ಸಾಲದ ಅರ್ಜಿ ತುಂಬಿಕೊಟ್ಟು ಹೊಟ್ಟೆ ಹೊರೆಯುವವನು ಮಾರ್ಗಯ್ಯ. ಬ್ಯಾಂಕಿನ ಒಳಗಿನವನಲ್ಲ, ರೈತನೂ ಅಲ್ಲ. ಎರಡರ ನಡುವಿನ ಐದಾರು ಮಾರು ನೆಲವೇ ಅವನ ಸಾಮ್ರಾಜ್ಯ. ಬ್ಯಾಂಕಿನ ಒಳಗಿನ ನಿಯಮ ಅವನಿಗೆ ಗೊತ್ತು, ಹೊರಗಿನ ಅವಸರವೂ ಗೊತ್ತು. ಅವನ ದುರಾಸೆ, ಅವನ ಅಂಜಿಕೆ, ಮಗನ ಮೇಲಿನ ಹುಚ್ಚು ಮೋಹ ಎಲ್ಲವನ್ನೂ ಚಿತ್ರ ಹತ್ತಿರದಿಂದ ನೋಡುತ್ತದೆ. ಅವನನ್ನು ಖಳನಾಯಕ ಮಾಡಿ ಕೈತೊಳೆದುಕೊಳ್ಳುವುದಿಲ್ಲ. ರಾಷ್ಟ್ರ ಪ್ರಶಸ್ತಿಗಳಲ್ಲಿ ಆ ವರ್ಷದ ಅತ್ಯುತ್ತಮ ಕನ್ನಡ ಚಿತ್ರ ಅದೇ. ನಾಲ್ಕು ದಶಕ ಕಳೆದರೂ ಮಾರ್ಗಯ್ಯನ ಮರಿಮಕ್ಕಳು ತೆರೆಗೆ ಬಂದದ್ದು ಕಡಿಮೆ.

ಹಸಿರು ಶಾಲಿನ ಗುಂಪು

ಅವರ ಬದಲು ಬಂದವರು ಯಾರು? ಒಂದು ಕಡೆ ಹೆಲಿಕಾಪ್ಟರಿನಿಂದ ಇಳಿಯುವ, ಇಂಗ್ಲಿಷ್ ಬೆರೆಸಿ ಮಾತಾಡುವ ಕಾರ್ಪೊರೇಟ್ ಖಳ. ಇನ್ನೊಂದು ಕಡೆ ಹಸಿರು ಶಾಲು ಹೊದ್ದು ಕೈಮುಗಿದು ನಿಂತ ರೈತರ ಗುಂಪು. ನಡುವೆ ಬಿಳಿ ಅಂಗಿಯ ನಾಯಕ, ಒಂದು ಭಾಷಣ. ತಮಿಳಿನ ‘ಕತ್ತಿ’ (2014) ಈ ಅಚ್ಚನ್ನು ಗಟ್ಟಿ ಮಾಡಿತು. ನಮ್ಮ ‘ಯುವರತ್ನ’ (2021) ಶಿಕ್ಷಣದ ವ್ಯಾಪಾರವನ್ನು ಇದೇ ಅಚ್ಚಿಗೆ ಹೊಯ್ದಿತು. ಅದಕ್ಕಿಂತ ಮೊದಲು ‘ಪೃಥ್ವಿ’ (2010) ಬಳ್ಳಾರಿಯ ಗಣಿ ಲೂಟಿಯನ್ನು ಜಿಲ್ಲಾಧಿಕಾರಿಯ ಕಣ್ಣಲ್ಲಿ ತೋರಿಸಿತ್ತು. ಆ ಕಾಲಕ್ಕೆ ಅದು ಧೈರ್ಯದ ಕೆಲಸ, ಒಪ್ಪೋಣ. ಆದರೆ ಅಲ್ಲೂ ಕಥೆ ಜಿಲ್ಲಾಧಿಕಾರಿಯದು, ಧೂಳು ಕುಡಿದವರದಲ್ಲ.

ಗಣಿ ಎಂದರೆ ಎಲ್ಲರಿಗೂ ಬಳ್ಳಾರಿ. ಚಿಕ್ಕನಾಯಕನಹಳ್ಳಿ ಕಡೆ ಕಬ್ಬಿಣದ, ಮ್ಯಾಂಗನೀಸ್‌ನ ಅದಿರು ತೆಗೆದದ್ದು, ತೆಂಗಿನ ಗರಿಗಳ ಮೇಲೆ ಕೆಂಪು ಧೂಳು ಕೂತದ್ದು ಸಿನಿಮಾಕ್ಕೆ ಕಾಣಲೇ ಇಲ್ಲ. 2011ರ ಜುಲೈ ಕೊನೆಯಲ್ಲಿ ಬಳ್ಳಾರಿಯ ಗಣಿಗಾರಿಕೆಗೆ ತಡೆ ಕೊಟ್ಟ ಸುಪ್ರೀಂ ಕೋರ್ಟ್, ಆಗಸ್ಟ್‌ನಲ್ಲಿ ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳಿಗೂ ಅದನ್ನು ವಿಸ್ತರಿಸಿತು. ಒಂದು ಆದೇಶಕ್ಕೆ ಲಾರಿಗಳು ನಿಂತವು. ಲಾರಿ ಸಾಲ ಕಟ್ಟುತ್ತಿದ್ದವನು, ಕ್ಲೀನರ್ ಹುಡುಗ, ರಸ್ತೆ ಪಕ್ಕ ಹೋಟೆಲ್ ಇಟ್ಟಿದ್ದ ಹೆಂಗಸು, ಧೂಳಿನಿಂದ ಕಾಯಿ ಕಡಿಮೆಯಾಯಿತು ಎಂದು ದೂರುತ್ತಿದ್ದ ತೋಟದವನು, ಇಷ್ಟೂ ಜನರಿಗೆ ಆ ಆದೇಶದ ಅರ್ಥ ಬೇರೆ ಬೇರೆ. ಒಬ್ಬನ ಗೆಲುವು ಇನ್ನೊಬ್ಬನ ಕಂತು. ಕಾರ್ಪೊರೇಟ್ ಥ್ರಿಲ್ಲರ್‌ಗೆ ಇದಕ್ಕಿಂತ ಬಿಗಿಯಾದ ಎಳೆ ಬೇಕೇ?

ಅಟ್ಟದ ಮೇಲೆ ಹನ್ನೊಂದು ತಿಂಗಳು

ಈಗ ಕೊಬ್ಬರಿಗೆ ಬರೋಣ. ಹೊರಗಿನ ಓದುಗರಿಗಾಗಿ ನಾಲ್ಕು ಮಾತು. ತಿಪಟೂರಿನ ಪ್ರಸಿದ್ಧಿ ಉಂಡೆ ಕೊಬ್ಬರಿಗೆ. ಬಲಿತ ಕಾಯನ್ನು ಸುಲಿಯದೆ ಹಾಗೇ ಅಟ್ಟಕ್ಕೆ ಏರಿಸುತ್ತಾರೆ. ಹತ್ತು ಹನ್ನೊಂದು ತಿಂಗಳಲ್ಲಿ ಒಳಗಿನ ನೀರು ಇಂಗಿ, ತಿರುಳು ಕರಟದಿಂದ ಬಿಟ್ಟುಕೊಂಡು, ಕಾಯಿ ಅಲ್ಲಾಡಿಸಿದರೆ ಒಳಗೆ ಗಟಗಟ ಎನ್ನುತ್ತದೆ. ಆಮೇಲೆ ಮಟ್ಟೆ ಸುಲಿದು, ಕರಟವನ್ನು ಹದವಾಗಿ ಒಡೆದು, ಒಳಗಿನ ಉಂಡೆಗೆ ಪೆಟ್ಟಾಗದಂತೆ ತೆಗೆಯಬೇಕು. ಒಡೆದರೆ ದರ ಬಿತ್ತು, ಕೌಟಾಗಿದ್ದರೆ ಇನ್ನೂ ಬಿತ್ತು. ಅಟ್ಟದಲ್ಲಿ ಏನಾಗಿದೆ ಎಂಬುದು ಒಡೆಯುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ಚೀಲ ಕಟ್ಟಿ ತಿಪಟೂರಿನ ಕೃಷಿ ಮಾರುಕಟ್ಟೆಗೆ ತಂದರೆ ವಾರಕ್ಕೆ ಎರಡು ದಿನ ಟೆಂಡರ್. 2014ರಲ್ಲಿ ರಾಜ್ಯ ಸರ್ಕಾರ ಏಕೀಕೃತ ಮಾರುಕಟ್ಟೆ ವೇದಿಕೆ ತಂದ ಮೇಲೆ ದರ ಬರೆಯುವುದು ಕಂಪ್ಯೂಟರಿನಲ್ಲಿ. ಕೊಳ್ಳುವ ಬೇಡಿಕೆ ಇರುವುದು ಹೆಚ್ಚಾಗಿ ಉತ್ತರ ಭಾರತದಲ್ಲಿ, ಹಬ್ಬಕ್ಕೆ, ಮದುವೆಗೆ, ಸಿಹಿತಿಂಡಿಗೆ. ಡೆಲ್ಲಿಯಲ್ಲಿ ದೀಪಾವಳಿಯ ಖರೀದಿ ಹೇಗಿದೆ ಎಂಬ ಸುದ್ದಿ ಮಂಡಿಯಲ್ಲಿ ಹಿಂದಿಯಲ್ಲಿ ಬಂದಿಳಿದು, ಸಂಜೆ ಹೊತ್ತಿಗೆ ಹಳ್ಳಿಯ ಅರಳಿಕಟ್ಟೆಯಲ್ಲಿ ಕನ್ನಡವಾಗಿರುತ್ತದೆ.

‘ಸಪ್ತ ಸಾಗರ’ ತೆರೆಕಂಡ 2023ರಲ್ಲೇ ಕೊಬ್ಬರಿ ದರ ಕ್ವಿಂಟಲ್‌ಗೆ ಎಂಟು ಸಾವಿರದ ಆಸುಪಾಸಿಗೆ ಜಾರಿತ್ತು. ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಆ ವರ್ಷಕ್ಕೆ ಘೋಷಿಸಿದ್ದ ಬೆಂಬಲ ಬೆಲೆ 11,750 ರೂಪಾಯಿ. ಅಂದರೆ ಸರ್ಕಾರವೇ ನ್ಯಾಯವೆಂದ ಬೆಲೆಗಿಂತ ಸುಮಾರು ಮೂರೂಮುಕ್ಕಾಲು ಸಾವಿರ ಕಡಿಮೆಗೆ ಮಾರಾಟ. ತುಮಕೂರು ಜಿಲ್ಲೆಯ ಉದ್ದಕ್ಕೂ ಧರಣಿ, ಪಾದಯಾತ್ರೆ, ಬಂದ್ ನಡೆದವು. 2024ರ ಹಂಗಾಮಿಗೆ ಬೆಂಬಲ ಬೆಲೆ 12,000 ಆಯಿತು, ರಾಜ್ಯ ಸರ್ಕಾರ ಮೇಲೆ 1,500 ರೂಪಾಯಿ ಪ್ರೋತ್ಸಾಹಧನ ಸೇರಿಸಿತು. ಬೆಂಬಲ ಬೆಲೆಗೆ ಕೊಳ್ಳುವ ನಾಫೆಡ್‌ನ ಖರೀದಿಗೆ ನೋಂದಣಿ ಶುರುವಾದಾಗ ಕೇಂದ್ರಗಳ ಮುಂದೆ ರಾತ್ರಿಯಿಂದಲೇ ಸಾಲು. ನೋಡನೋಡುತ್ತ ಕೋಟಾ ಮುಗಿಯಿತು. ಬೆಳೆಯದವರ ಹೆಸರೂ ಪಟ್ಟಿಯಲ್ಲಿದೆ, ಅಕ್ರಮ ನಡೆದಿದೆ ಎಂಬ ದೂರು ಎದ್ದಿತು. ಸರ್ಕಾರ ಆ ನೋಂದಣಿಯನ್ನೇ ರದ್ದು ಮಾಡಿ ಹೊಸದಾಗಿ ನಡೆಸಬೇಕಾಯಿತು. ಆಮೇಲೆ? ಬಿಳಿನೊಣ, ಕಪ್ಪುತಲೆ ಹುಳು, ಬಿಸಿಲು ಎಲ್ಲ ಸೇರಿ ಇಳುವರಿ ಇಳಿಯಿತು. ಬೆಲೆ ಏರತೊಡಗಿ 2025ರ ಮಧ್ಯದ ಹೊತ್ತಿಗೆ ಇಪ್ಪತ್ತು ಸಾವಿರ ದಾಟಿತು.

ಎಂಟು ಸಾವಿರಕ್ಕೆ ಮಾರಿದವರು ಯಾರು, ಇಪ್ಪತ್ತಕ್ಕೆ ಮಾರಿದವರು ಯಾರು? ಮಗಳ ಮದುವೆ, ಮಗನ ಕಾಲೇಜು ಫೀಸು, ಕೈಸಾಲದ ವಾಯಿದೆ ಇದ್ದವರು ಕಾಯಲಿಲ್ಲ. ಅಟ್ಟ ದೊಡ್ಡದಿದ್ದವರು, ಬೇರೆ ಆದಾಯ ಇದ್ದವರು ಕಾದರು. ಒಂದೇ ಊರು, ಒಂದೇ ಬೆಳೆ, ಇಬ್ಬರ ಹೆಗಲ ಮೇಲೂ ಅದೇ ಹಸಿರು ಶಾಲು. ಸಿನಿಮಾ ಇವರಿಬ್ಬರನ್ನೂ ಒಂದೇ ಗುಂಪಿನಲ್ಲಿ ನಿಲ್ಲಿಸಿ ‘ರೈತ’ ಎಂದು ಕರೆದು ಮುಗಿಸುತ್ತದೆ. ಪ್ರಾತಿನಿಧ್ಯದ ಪ್ರಶ್ನೆ ನನಗೆ ಶುರುವಾಗುವುದು ಇಲ್ಲಿಂದ.

ತೋಟದಿಂದ ಮಂಡಿಯವರೆಗಿನ ದಾರಿಯಲ್ಲಿ ಇನ್ನೂ ಎಷ್ಟು ಜನ ನಿಂತಿದ್ದಾರೆ! ಮರ ಹತ್ತುವವನು. ಇವತ್ತು ಅವನಿಗೆ ಹೇಳಿಕಳಿಸಿದರೆ ಮುಂದಿನ ವಾರಕ್ಕೆ ಬರುತ್ತೇನೆ ಎನ್ನುವಷ್ಟು ಬೇಡಿಕೆ, ಆದರೆ ಜಾರಿ ಬಿದ್ದ ದಿನ ಅವನನ್ನು ನೋಡುವವರಿಲ್ಲ. ಕಾಯಿ ಸುಲಿಯುವವರು, ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಕುಕ್ಕಿ ತಿರುವುವಾಗ ಅಂಗೈ ಒಂದಿಷ್ಟು ತಪ್ಪಿದರೂ ರಕ್ತ. ಕರಟ ಒಡೆದು ಉಂಡೆ ತೆಗೆಯುವ ಹೆಂಗಸರು, ಕೂಲಿ ಎಣಿಕೆಯ ಮೇಲೆ, ಆದರೆ ಒಡೆದ ಉಂಡೆಯ ಬೈಗುಳ ಅವರ ಪಾಲಿಗೆ. ಮಾರುಕಟ್ಟೆಯ ಹಮಾಲರು. ಚೀಲದ ತೂಕ ಎಂದು ಇಷ್ಟು ಕಳೆಯುವ, ಸ್ಯಾಂಪಲ್ ಎಂದು ನಾಲ್ಕು ಉಂಡೆ ಎತ್ತಿಕೊಳ್ಳುವ ಪದ್ಧತಿಯ ಬಗ್ಗೆ ರೈತರ ಗೊಣಗಾಟ ಇಂದಿನದಲ್ಲ. ಆ ಗೊಣಗಾಟಕ್ಕೂ ಬೆಳಿಗ್ಗೆಯಿಂದ ಸಂಜೆಯವರೆಗೆ ನೂರು ಜನರೊಡನೆ ಚೌಕಾಸಿ ಮಾಡುವ ಮಂಡಿ ಗುಮಾಸ್ತನಿಗೂ ನಡುವೆ ಒಂದು ಪೂರ್ತಿ ಚಿತ್ರಕಥೆ ಇದೆ. ಇನ್ನು ಹಸಿ ಕಾಯಿ ಒಡೆದು ಪುಡಿ ಮಾಡುವ ಕಾರ್ಖಾನೆಗಳಿಗೆ ಹೋದರೆ, ತಿರುಳಿನ ಮೇಲಿನ ಕಂದು ಸಿಪ್ಪೆ ಹೆರೆಯುತ್ತ ಸಾಲಾಗಿ ಕೂತ ಹೆಂಗಸರು. ಪಕ್ಕದಲ್ಲೇ ಬಿಹಾರ, ಒಡಿಶಾ ಕಡೆಯಿಂದ ಬಂದ ಹುಡುಗರು. ಅವರ ಊರಿನ ಭಾಷೆ ಇಲ್ಲಿನವರಿಗೆ ಬಾರದು, ಇಲ್ಲಿನದು ಅವರಿಗೆ ಬಾರದು. ಆ ಪುಡಿಯೇ ಬಿಸ್ಕತ್ತಿನೊಳಗೆ, ಬರ್ಫಿಯ ಮೇಲೆ ದೇಶವೆಲ್ಲ ಓಡಾಡುತ್ತದೆ. ಜಾತಿ, ಮತ, ಭಾಷೆ, ಹೆಣ್ಣು, ಗಂಡು ಎಲ್ಲ ಬೆರೆತ ಈ ಸರಪಳಿಯೇ ನಮ್ಮ ಸೀಮೆಯ ಕಂಪನಿ. ಗಾಜಿನ ಕಟ್ಟಡ ಇಲ್ಲ, ಅಷ್ಟೆ.

ಹಾಸ್ಯದ ಪಾಲು

ಅಚ್ಯುತ್ ಕುಮಾರ್‌ಗಿಂತ ಎಷ್ಟೋ ಮೊದಲು ತಿಪಟೂರು ತೆರೆಗೆ ಇನ್ನೊಬ್ಬರನ್ನು ಕೊಟ್ಟಿತ್ತು. ಟಿ.ಆರ್. ನರಸಿಂಹರಾಜು. ಹೆಸರಿನ ಮೊದಲ ಅಕ್ಷರವೇ ತಿಪಟೂರು. 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜಕುಮಾರ್ ಜೊತೆಯಲ್ಲೇ ತೆರೆಗೆ ಬಂದವರು. ಅವರಿಲ್ಲದ ಕನ್ನಡ ಚಿತ್ರವನ್ನು ಆ ಎರಡು ದಶಕದಲ್ಲಿ ಹುಡುಕಿ ತೆಗೆಯಬೇಕಾಗಿತ್ತು. ಅವರ ಅದ್ಭುತ ಟೈಮಿಂಗ್‌ಗೆ, ಆ ಹಲ್ಲಿನ ನಗುವಿಗೆ ನಾನೂ ಸೋತವನೇ. ಆದರೂ ಚಿತ್ರರಂಗ ಅವರಿಗೆ ಹೆಚ್ಚಾಗಿ ಹಂಚಿದ್ದು ನಾಯಕನ ಗೆಳೆಯ, ಮನೆಯಾಳು, ಪೆದ್ದನ ಪಾತ್ರಗಳನ್ನು. ಮೈಕಟ್ಟು ಇಲ್ಲದವನು, ಹಳ್ಳಿಯ ಮಾತಿನವನು ನಗಿಸುವುದಕ್ಕೆ ಮಾತ್ರ ಎಂಬ ಹಂಚಿಕೆ ಅದು. ತಿಪಟೂರು ತೆರೆಗೆ ಕೊಟ್ಟ ಈ ಇಬ್ಬರು ದೊಡ್ಡ ನಟರೂ ನಾಯಕನ ಪಕ್ಕದಲ್ಲಿ ನಿಂತವರೇ. ಪಕ್ಕದ ಅರಸೀಕೆರೆ ತಾಲ್ಲೂಕಿನ ಕಾಳೇನಹಳ್ಳಿಯ ಧನಂಜಯ ಬಂದ ಮೇಲೆ ಈ ಲೆಕ್ಕ ಸ್ವಲ್ಪ ತಪ್ಪಿದೆ. ಖಳನಾಗಿ ಗೆದ್ದು, ಅಲ್ಲಿಂದ ಮತ್ತೆ ನಾಯಕನಾಗಿ, ತನ್ನದೇ ಮಾತಿನ ಧಾಟಿಯಲ್ಲಿ ‘ಬಡವ ರಾಸ್ಕಲ್’ ಮಾಡಿದವರು ಅವರು. ಒಬ್ಬರಿಂದ ಪದ್ಧತಿ ಬದಲಾಗುವುದಿಲ್ಲ, ದಾರಿ ಮಾತ್ರ ಕಾಣುತ್ತದೆ.

ಜಾತಿಯ ಮಾತೂ ಬರಲಿ. ನಮ್ಮ ಇಂಥ ಚಿತ್ರಗಳಲ್ಲಿ ಯಜಮಾನನಿಗೆ ಮನೆತನ ಇರುತ್ತದೆ, ಗೌಡ ಎಂದೋ ರಾವ್ ಎಂದೋ ಹೆಸರಿನ ಬಾಲ ಇರುತ್ತದೆ. ಡ್ರೈವರ್ ಬರೀ ಮನು. ಸೆಕ್ಯೂರಿಟಿಯವನಿಗೆ ಅದೂ ಇಲ್ಲ. ಹಿಂದೆಮುಂದಿಲ್ಲದವನು ಎಂಬ ಕಾರಣಕ್ಕೇ ಅವನನ್ನು ಬಲಿ ಕೊಡುವುದು ಚಿತ್ರಕಥೆಗಾರನಿಗೂ ಸುಲಭ. ‘ಸಪ್ತ ಸಾಗರ’ ಡ್ರೈವರನನ್ನೇ ನಾಯಕನಾಗಿಸಿ, ಅವನು ಕಳೆದುಕೊಂಡ ವರ್ಷಗಳನ್ನು ಎರಡು ಭಾಗದ ಉದ್ದಕ್ಕೂ ಎಣಿಸಿತಲ್ಲ, ಅದಕ್ಕೇ ನನಗೆ ಅದು ಇಷ್ಟ.

ಹೊರಗೆ ಏನಾಗುತ್ತಿದೆ ಎಂದರೆ, ಆಸ್ಕರ್ ನೀಡುವ ಅಕಾಡೆಮಿ ಅತ್ಯುತ್ತಮ ಚಿತ್ರದ ಸ್ಪರ್ಧೆಗೆ ಪ್ರಾತಿನಿಧ್ಯದ ಮಾನದಂಡಗಳನ್ನು 2020ರಲ್ಲಿ ಪ್ರಕಟಿಸಿ, 2024ರ ಸಮಾರಂಭದಿಂದ ಕಡ್ಡಾಯ ಮಾಡಿತು. ತೆರೆಯ ಮೇಲೆ ಯಾರಿದ್ದಾರೆ, ತೆರೆಯ ಹಿಂದೆ ಯಾರಿದ್ದಾರೆ ಎಂದು ಎಣಿಸುವ ಕ್ರಮ. ಎಣಿಕೆ ಬೇಡವೆನ್ನಲು ನಾನು ಸಿದ್ಧನಿಲ್ಲ. ಎಣಿಸದೆ ಇದ್ದಾಗ ಏನಾಯಿತು ಎಂದು ನೋಡಿದ್ದೇವೆ. ಆದರೆ ಡೆಮಿ ಮೂರ್ ಪಾತ್ರವನ್ನು ಎಣಿಸಿದರೆ ಒಂದು ಹೆಣ್ಣು ಸಿಗುತ್ತದೆ, ಲಿಫ್ಟಿನ ಹೆಂಗಸನ್ನು ಎಣಿಸಿದರೆ ಇನ್ನೊಂದು ಸಿಗುತ್ತದೆ. ಪಟ್ಟಿ ಭರ್ತಿಯಾಗುತ್ತದೆ. ಇಬ್ಬರಲ್ಲಿ ಒಬ್ಬಳಿಗೂ ಕಥೆ ತಿರುಗಿಸುವ ಒಂದು ತೀರ್ಮಾನ ಇರುವುದಿಲ್ಲ.

ತೆರೆಯ ಹಿಂದಿನ ನಮ್ಮ ಲೆಕ್ಕ ಇನ್ನೂ ತೆಳುವು. ಪ್ರೇಮಾ ಕಾರಂತರ ‘ಫಣಿಯಮ್ಮ’, ಕವಿತಾ ಲಂಕೇಶರ ‘ದೇವೀರಿ’, ಸುಮನಾ ಕಿತ್ತೂರು ಅವರ ‘ಕಿರಗೂರಿನ ಗಯ್ಯಾಳಿಗಳು’, ರೂಪಾ ರಾವ್ ಅವರ ‘ಗಂಟುಮೂಟೆ’ ಎಂದು ಬೆರಳು ಮಡಚುತ್ತ ಹೋದರೆ ಒಂದು ಕೈ ಮುಗಿಯುವುದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ, ಎರಡನೇ ಕೈಗೆ ಯೋಚಿಸಬೇಕು. ಮಲಯಾಳಂ ಚಿತ್ರರಂಗದ ಹೆಣ್ಣುಮಕ್ಕಳ ಸ್ಥಿತಿ ಕುರಿತ ಕೇರಳದ ಹೇಮಾ ಸಮಿತಿ ವರದಿ 2024ರ ಆಗಸ್ಟ್‌ನಲ್ಲಿ ಹೊರಬಿದ್ದ ಮೇಲೆ, ಇಲ್ಲಿಯ ‘ಫೈರ್’ ಸಂಘಟನೆ ಕನ್ನಡ ಚಿತ್ರರಂಗದ ಹೆಣ್ಣುಮಕ್ಕಳ ಸ್ಥಿತಿ ಅರಿಯಲು ನಿವೃತ್ತ ನ್ಯಾಯಮೂರ್ತಿಯ ಸಮಿತಿ ಬೇಕೆಂದು ಮುಖ್ಯಮಂತ್ರಿಗೆ ಮನವಿ ಕೊಟ್ಟಿತು. ಸಿನಿಮಾವೂ ಒಂದು ಉದ್ಯಮವೇ ತಾನೆ. ಅದರ ಕ್ಯಾರವಾನಿನ ಹೊರಗೆ ಬಟ್ಟೆ ಬದಲಿಸಲು ಜಾಗ ಹುಡುಕುವ ಜೂನಿಯರ್ ಕಲಾವಿದೆ, ದಿನಗೂಲಿಯ ಲೈಟ್ ಹುಡುಗ, ಇವರ ಬಗ್ಗೆ ಯಾರಾದರೂ ಒಂದು ಕಾರ್ಪೊರೇಟ್ ಥ್ರಿಲ್ಲರ್ ಮಾಡುವ ಧೈರ್ಯ ತೋರಿದರೆ ಮೊದಲ ದಿನದ ಮೊದಲ ಆಟಕ್ಕೆ ನಾನಿರುತ್ತೇನೆ.

ಇದೆಲ್ಲ ಹೊರಗಿನ ಪ್ರಕಾರ, ನಮ್ಮ ಮಣ್ಣಿಗೆ ಒಗ್ಗುವುದಿಲ್ಲ ಎನ್ನುವವರು ಇದ್ದಾರೆ. ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ ಹುಟ್ಟಿದ ಬಿ.ಎಂ. ಶ್ರೀಕಂಠಯ್ಯ ಗ್ರೀಕರ ಸಾಫೊಕ್ಲಿಸನ ದುರಂತ ನಾಟಕವನ್ನು ತಂದು ‘ಅಶ್ವತ್ಥಾಮನ್’ ಮಾಡಿದರು. ಆ ಗ್ರೀಕ್ ನಾಟಕದ ನಾಯಕ ಅಯಾಸನ ಅವಮಾನ ಮಹಾಭಾರತದ ರಣರಂಗದಲ್ಲಿ ಸಲೀಸಾಗಿ ನಿಂತಿತು. ಅಷ್ಟು ದೂರದ್ದು ಒಗ್ಗಿದ ಮೇಲೆ ವಾಲ್‌ಸ್ಟ್ರೀಟಿನ ಒಂದು ರಾತ್ರಿಯ ಕಥೆ ತಿಪಟೂರಿನ ಒಂದು ಟೆಂಡರ್ ದಿನಕ್ಕೆ ಒಗ್ಗದೇ? ಬಂದೂಕು ಬೇಡ, ಹೆಲಿಕಾಪ್ಟರ್ ಬೇಡ. ಬೆಳಿಗ್ಗೆ ಒಂದು ಚೀಲದ ಲಾಟು, ಡೆಲ್ಲಿಯಿಂದ ಬರಬೇಕಾದ ಒಂದು ಫೋನು, ಮಂಡಿಯ ಲೆಕ್ಕ ಬರೆಯುವ ಒಬ್ಬ ಹುಡುಗಿ ಸಾಕು. ಯಾರ ಚೀಲಕ್ಕೆ ಯಾಕೆ ಇನ್ನೂರು ಕಡಿಮೆ ಬಿತ್ತು ಎಂಬುದು ಅವಳಿಗೆ ಗೊತ್ತಾಗಿಬಿಟ್ಟರೆ? ಅವಳು ಯಾರಿಗೆ ಹೇಳಬೇಕು, ಹೇಳಿದರೆ ನಾಳೆ ಕೆಲಸಕ್ಕೆ ಬರಬಹುದೇ? ಅವಳನ್ನು ಸೊಕ್ಕಿನವಳನ್ನಾಗಿ ಮಾಡಬೇಡಿ, ದೇವಿಯನ್ನಾಗಿಯೂ ಮಾಡಬೇಡಿ. ಕೊನೆಯಲ್ಲಿ ಅವಳ ತಲೆಯನ್ನೇ ಉರುಳಿಸಿ ಕಥೆ ಮುಗಿಸಬೇಡಿ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಕಾಲೇಜುಗಳಲ್ಲಿ ಮೊಬೈಲಿನಲ್ಲೇ ಕಿರುಚಿತ್ರ ತೆಗೆಯುವ ಹುಡುಗ ಹುಡುಗಿಯರು ಈಗ ಬೇಕಾದಷ್ಟಿದ್ದಾರೆ. ಅವರಲ್ಲಿ ಹೆಚ್ಚಿನವರು ತೆಗೆಯುವುದು ಬೆಂಗಳೂರಿನ ಡಾನ್‌ಗಳ ಕಥೆ. ಅವರಿಗೂ, ಕಥೆ ಸಿಗುತ್ತಿಲ್ಲ ಎನ್ನುವ ಗಾಂಧಿನಗರದವರಿಗೂ ನನ್ನದೊಂದು ವಿನಂತಿ: ಒಂದು ಟೆಂಡರ್ ದಿನ ತಿಪಟೂರಿನ ಮಾರುಕಟ್ಟೆಗೆ ಬಂದು ಕೂರಿ. ಕ್ಯಾಮೆರಾ ಆಮೇಲೆ ತಂದರಾಯಿತು. ದರ ಹೊರಬೀಳುವ ಮೊದಲೇ ಬನ್ನಿ, ಹೊರಬಿದ್ದ ಮೇಲೆ ಯಾರೂ ನಿಮ್ಮೊಡನೆ ಮಾತಾಡುವ ಸ್ಥಿತಿಯಲ್ಲಿ ಇರುವುದಿಲ್ಲ.